ಹದ್ದುಗಣ್ಣಿನವನ ಕನ್ನಡಕ

ಸುಂಕದ ಕಂಪನಿಯಲ್ಲಿ ಹದ್ದುಗಣ್ಣು ಎಂದೇ ಹೆಸರಾದವನು ಒಮ್ಮೆ ಕಣ್ಣರಳಿಸಿದರೆ ಸಾಕು, ನಂಬರ್ ಪ್ಲೇಟಿಗೆ ಮೆತ್ತಿದ ಕೆಸರು ನಾಚಿಕೊಂಡು ತಾನಾಗಿಯೇ ಉದುರುತ್ತಿತ್ತು. ಮಂಜಿನಲ್ಲಿ ಓಡುವ ಕಾರಿನ ನಂಬರೇನು ಮಹಾ, ಒಳಗೆ ಕೂತ ಅತ್ತೆ-ಸೊಸೆ ಯಾವುದಕ್ಕೆ ಜಗಳವಾಡುತ್ತಿದ್ದಾರೆಂದೂ ಅವನು ಫೋಟೋ ನೋಡಿಯೇ ಹೇಳುತ್ತಿದ್ದ. ಹನ್ನೊಂದು ವರ್ಷದಲ್ಲಿ ಒಂದು ತಪ್ಪೂ ಇಲ್ಲವಂತೆ. ಹಾಗೆಂದು ಅವನೇ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ.

ಕಂಪನಿ ನಗರಸಭೆಯದು, ಅಂದರೆ ಊರವರದೇ. ಪೇಟೆಯೊಳಗೆ ಹೋಗುವ ವಾಹನಗಳಿಗೆಲ್ಲ ಸುಂಕ, ಆ ರಸ್ತೆಗಳಲ್ಲೆಲ್ಲ ಕ್ಯಾಮೆರಾ. ಯಂತ್ರ ಓದಲಾರದ ಪ್ಲೇಟುಗಳ ಫೋಟೋ ಎರಡನೇ ಮಹಡಿಯ ಕೋಣೆಗೆ ಬರುತ್ತಿತ್ತು. ಅಲ್ಲಿ ಇಬ್ಬರು ಬೇರೆಬೇರೆಯಾಗಿ ಓದಬೇಕು; ಇಬ್ಬರ ಓದೂ ಒಂದೇ ಆದರಷ್ಟೇ ಸುಂಕ. ಒಬ್ಬ ಹದ್ದುಗಣ್ಣು, ಇನ್ನೊಬ್ಬಳು ಎಲ್ಲರೂ ಅಕ್ಕ ಎನ್ನುವ ಪಕ್ಕದ ಮೇಜಿನವಳು.

ಆ ಬೆಳಿಗ್ಗೆ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಪತ್ರ ಹಿಡಿದು ಮೆಟ್ಟಿಲು ಹತ್ತಿ ಬಂದಳು. ತಾಯಿಯನ್ನು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರೆದೊಯ್ಯುವ ಅವಳ ಕಾರಿಗೆ ಆ ಓಡಾಟದ ಮಟ್ಟಿಗೆ ಸುಂಕ ಮಾಫಿಯಿತ್ತು. ಕಾರು ಮೂರು ಸಲ ಬೇರೆಲ್ಲೋ ತಿರುಗಿದೆ, ನಾಳೆಯಿಂದ ಮಾಫಿ ರದ್ದು ಎನ್ನುತ್ತಿತ್ತು ಪತ್ರ. ಆಗೆಲ್ಲ ಕಾರು ಆಸ್ಪತ್ರೆಯ ಅಂಗಳದಲ್ಲೇ ನಿಂತಿತ್ತೆಂದು ಅವಳೆಂದಳು. ಮಾಫಿ ಹೋದರೆ ವಾರಕ್ಕೆ ಮೂರು ಸಲ ಬರಲು ಅವಳ ಕೈಲಾಗದು.

"ಊರವರ ಕಂಪನಿ ಅಂತ ಬಾಗಿಲ ಮೇಲೆ ಬರ್ಸಿದೀರ. ನಮ್ಮಮ್ಮ ಊರವಳಲ್ವಾ ಅಣ್ಣ?"

ಹದ್ದುಗಣ್ಣು ಎದೆ ಸೆಟೆಸಿ, ತನ್ನ ಕಣ್ಣು ತಪ್ಪುವ ದಿನ ಸೂರ್ಯನೂ ದಾರಿ ತಪ್ಪುತ್ತಾನೆ ಎಂದ. ಮೂರು ಸಲವೂ ಅಕ್ಕ ಅದೇ ನಂಬರನ್ನು ಓದಿದ್ದಾಳಲ್ಲ, ಕೇಳಿ ನೋಡಲಿ.

ಅಕ್ಕ ತಲೆ ತಗ್ಗಿಸಿದಳು. "ನಾನೆಲ್ಲಿ ಓದ್ದೆ ತಮ್ಮಾ? ನೀನು ನಂಬರ್ ಹೊಡೆದಾಗೆಲ್ಲ ಕೋಣೆ ತುಂಬ ಕೂಗಿ ಹೇಳ್ತೀಯ. ನಿನ್ನ ಕಣ್ಣಿಗಿಂತ ನನ್ನದು ಹೆಚ್ಚೇ ಅಂತ ಅದನ್ನೇ ಒತ್ಬಿಡ್ತಿದ್ದೆ."

ಅವಳೇ ಆ ಮೂರೂ ಫೋಟೋ ತೆರೆದಳು. ಎಲ್ಲದರಲ್ಲೂ ಕೊನೆಯ ಅಂಕಿ ಎಂಟು, ಇವಳದೇ ಕಾರು ಎಂದ ಹದ್ದುಗಣ್ಣು. ಇನ್ನಷ್ಟು ಬಾಗಿದ, ಮೂಗು ಪರದೆಗೆ ತಾಗಿತೇ ಹೊರತು ಅಂಕಿ ತಿಳಿಯಾಗಲಿಲ್ಲ. ಬಂದವಳು ಚೀಲ ತಡಕಿ, ಸೂಜಿಗೆ ದಾರ ಪೋಣಿಸುವಾಗ ಹಾಕುವ ಕನ್ನಡಕ ತೆಗೆದು ಮುಂದೆ ಹಿಡಿದಳು. ಹಾಕಿಕೊಂಡ. ಎಲ್ಲದರಲ್ಲೂ ಎಂಟು ಹೋಗಿ ಮೂರು ನಿಂತಿತ್ತು.

ಪತ್ರದ ಮೇಲೆ 'ರದ್ದು ಇಲ್ಲ, ಓದಿದವನ ತಪ್ಪು' ಎಂದು ಬರೆದು ಸಹಿ ಹಾಕಿದ. ಕನ್ನಡಕ ವಾಪಸು ಕೊಡುವಾಗ ಅವನ ದನಿ ಇಳಿದಿತ್ತು.

"ನನ್ನದೂ ಒಂದಿದೆ ತಾಯಿ. ಹಾಕ್ಕೊಂಡ್ರೆ ಹೆಸರು ಹೋಗತ್ತೆ ಅಂತ ಆರು ತಿಂಗಳಿಂದ ಡ್ರಾಯರಲ್ಲಿಟ್ಟಿದೀನಿ."

"ಮತ್ತೆ ತಪ್ಪೇ ಇಲ್ಲದ ಹನ್ನೊಂದು ವರ್ಷ?" ಎಂದಳು ಅಕ್ಕ.

"ಕೆಲಸಕ್ಕೆ ಸೇರಿ ನಾಲ್ಕೇ ವರ್ಷ."

"ಮತ್ತೆ ಕಾರೊಳಗಿನ ಅತ್ತೆ-ಸೊಸೆ ಜಗಳ?"

ಹದ್ದುಗಣ್ಣು ನೆಲ ನೋಡಿದ. "ಅದು ನಮ್ಮನೇದು."