ಗಾದ್ರಪ್ಪನ ಪ್ರಳಯದ ಗಂಟು

ಬಾಲದ ಚುಕ್ಕಿ ಬಂದು ಭೂಮಿಗೆ ಬಡಿಯುತ್ತದಂತೆ ಎಂಬ ಸುದ್ದಿಯನ್ನು ಕುದಾಪುರಕ್ಕೆ ತಂದವನು ಗಾದ್ರಪ್ಪ. ಚಳ್ಳಕೆರೆ ಸಂತೆಗೆ ಕಂಬಳಿ ಮಾರಲು ಹೋದವನು ಒಂದನ್ನೂ ಮಾರದೆ ಅಷ್ಟನ್ನೂ ಹೊತ್ತುಕೊಂಡು ವಾಪಸು ಬಂದ.

"ಯಾಕೆ, ಗಿರಾಕಿ ಇರಲಿಲ್ವಾ?" ಎಂದಳು ಹೆಂಡತಿ ನಿಂಗಕ್ಕ.

"ಇದ್ರು. ನಾನೇ ಕೊಡಲಿಲ್ಲ. ಗಂಟು ಕಟ್ಟೋಕೆ ಬೇಕಾಗ್ತವೆ."

ಆಮೇಲೆ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದ. ಬೆಳಗಿನ ಜಾವ ಹಾಲು ಕರೆಯುವ ಹೊತ್ತಿಗೆ ಮೂಡಲಲ್ಲಿ ಕಾಣುವ ಆ ಪೊರಕೆಯಂಥ ಚುಕ್ಕಿ ದಿನದಿನಕ್ಕೆ ಹತ್ತಿರ ಬರುತ್ತಿದೆ, ಅದರ ಬಾಲದಲ್ಲಿ ವಿಷ ಇದೆ, ವೈಶಾಖದ ಹುಣ್ಣಿಮೆಯೊಳಗೆ ಎಲ್ಲ ಮುಗಿಯುತ್ತದೆ ಎಂದು ಸಂತೆಯಲ್ಲಿ ಓದು ಬಲ್ಲವರೇ ಹೇಳುತ್ತಿದ್ದರು.

ಒಳಗೆ ರಾಗಿ ಬೀಸುತ್ತಿದ್ದ ಅವನ ತಾಯಿ ಯರ್ರಮ್ಮ ಕಲ್ಲು ನಿಲ್ಲಿಸಿ ಕೇಳಿದಳು: "ಇದು ಯಾವ ಸಂವತ್ಸರಾನೋ?"

"ಸಾಧಾರಣ."

"ಹೆಸರೇ ಸಾಧಾರಣ. ಇದರಾಗೆ ಪ್ರಳಯ ಎಲ್ಲಿಂದ ಬರ್ತೈತೆ?" ಎಂದು ಮತ್ತೆ ಬೀಸತೊಡಗಿದಳು.

ಗಾದ್ರಪ್ಪ ಪುಕ್ಕಲನೇನಲ್ಲ. ವರವು ಕಾವಲಿನ ಹುಲ್ಲುಗಾವಲಲ್ಲಿ ತೋಳ ಕುರಿಗೆ ಬಾಯಿ ಹಾಕಿದಾಗ ಬರೀ ಕೋಲು ಹಿಡಿದು ಎದುರು ನಿಂತವನು. ಅವನ ಹೆದರಿಕೆ ಸಾವಿನದಲ್ಲ, ಗಂಟಿನದು. ಹಿಂದೆ ಪ್ಲೇಗು ಬಂದು ಮನೆಮನೆಯಲ್ಲೂ ಇಲಿ ಬಿದ್ದಾಗ, ಊರು ಬಿಟ್ಟು ಹೊಲಕ್ಕೆ ಹೋಗಿ ಗುಡಿಸಲು ಹಾಕಿಕೊಳ್ಳಬೇಕೆಂದು ತಮಟೆ ಸಾರಿದ್ದರು. ಆ ಗಡಿಬಿಡಿಯಲ್ಲಿ ಗಾದ್ರಪ್ಪ ರಾಗಿ ಚೀಲವೆಂದು ಹೊತ್ತುಕೊಂಡು ಓಡಿದ್ದು ಹೊಟ್ಟಿನ ಚೀಲ. ಗುಡಿಸಲಲ್ಲಿ ಬಿಚ್ಚಿ ನೋಡಿದಾಗ ಸುತ್ತ ನಿಂತವರೆಲ್ಲ ನಕ್ಕರು. ಊರಿಗೆ ವಾಪಸಾಗುವವರೆಗೂ ಅವರಿವರ ಗಡಿಗೆಯಿಂದ ಬೇಡಿ ಉಂಡಿದ್ದಾಯಿತು. ಅಂದಿನಿಂದ ಅವನಿಗೆ ಹೊಟ್ಟಿನ ಗಾದ್ರಪ್ಪ ಎಂಬ ಹೆಸರು ನಿಂತಿತು. ಈ ಸಲವಾದರೂ ಗಂಟು ಅಂದರೆ ಹೇಗಿರಬೇಕೆಂದು ತೋರಿಸಿಯೇ ಸಾಯಬೇಕು ಎಂದು ಅವನು ತೀರ್ಮಾನಿಸಿಬಿಟ್ಟ.

ಮೊದಲ ದಿನದ ಗಂಟು ನೋಡಲು ಚೆನ್ನಾಗಿಯೇ ಇತ್ತು. ಒಂದು ಕಂಬಳಿಯಲ್ಲಿ ಒಂದಿಷ್ಟು ರಾಗಿ ಹಿಟ್ಟು, ಚಕಮಕಿ ಕಲ್ಲು, ಹಗ್ಗ, ಕುಡುಗೋಲು. ಸಂಜೆ ನಿಂಗಕ್ಕ ಸೊಪ್ಪು ಕೊಯ್ಯಲು ಕುಡುಗೋಲು ತೆಗೆಯಹೋದಳು. ಗಾದ್ರಪ್ಪ ಅಡ್ಡ ಬಂದ.

"ಅದು ಗಂಟಿನದು."

"ಸೊಪ್ಪು ಕೊಯ್ದು ವಾಪಸ್ ಇಡ್ತೀನಿ."

"ನೀನು ಸೊಪ್ಪು ಕೊಯ್ಯೋವಾಗಲೇ ಚುಕ್ಕಿ ಬಂದ್ರೆ? ಗಂಟಿಗೆ ಹೋದದ್ದು ಗಂಟಿನದು. ಅಷ್ಟೇ."

ನಿಂಗಕ್ಕ ಸೊಪ್ಪನ್ನು ಕೈಯಲ್ಲೇ ಕಿತ್ತಳು. ಆ ದಿನದಿಂದ ಮನೆಯಲ್ಲಿ ಅದೇ ಕಾನೂನಾಯಿತು. ಮುದ್ದೆ ಕೋಲು ಗಂಟಿಗೆ ಹೋಯಿತು. ಅವಳು ಗುದ್ದಲಿ ಕಾವಿನಲ್ಲಿ ಹಿಟ್ಟು ತಿರುವಿದಳು. ಅದನ್ನು ನೋಡಿದ ಗಾದ್ರಪ್ಪ, ಇಷ್ಟು ಉಪಯೋಗದ ವಸ್ತುವನ್ನು ಬಿಟ್ಟು ಹೋಗುವುದುಂಟೇ ಎಂದು ಕಾವನ್ನೂ ಗಂಟಿಗೆ ಸೇರಿಸಿದ. ಪಕ್ಕದ ಮನೆಯ ಜೋಗಮ್ಮನಿಂದ ತಂದ ಸೌಟು ಮಾರನೆಯ ದಿನವೇ ಗಂಟಿನೊಳಗಿತ್ತು. ಯಾವ ಸಾಮಾನು ಕೈಗೆ ಆಗಿಬರುತ್ತದೋ ಅದು ಗಂಟಿಗೆ, ಆಗಿಬಾರದ್ದು ಮನೆಗೆ. ಉಪ್ಪಿನ ಮಡಕೆ ಹೋದ ದಿನ ಮಾತ್ರ ನಿಂಗಕ್ಕ ಅತ್ತಳು.

"ಸಪ್ಪೆ ಮುದ್ದೆ ಎಷ್ಟು ದಿನ ಅಂತ ಉಣ್ಣಾಣ?"

"ಬದುಕಿ ಉಳಿದ ಮೇಲೆ ಉಪ್ಪು ಹಾಕ್ಕೊಂಡು ಉಣ್ಣಾಣ ಕಣೆ," ಎಂದು ಗಾದ್ರಪ್ಪ ಸಮಾಧಾನ ಮಾಡಿದ. ಅವನೂ ಸಪ್ಪೆಯನ್ನೇ ಉಣ್ಣುತ್ತಿದ್ದ. ಮೋಸವಿರಲಿಲ್ಲ.

ಯರ್ರಮ್ಮನಿಗೆ ಪ್ರಳಯದಲ್ಲಿ ನಂಬಿಕೆಯಿರಲಿಲ್ಲವಾದರೂ ಗಂಟಿನ ಬಗ್ಗೆ ಅವಳದ್ದೇ ಒಂದು ಮಾತಿತ್ತು. ಧಾತು ಸಂವತ್ಸರದ ದೊಡ್ಡ ಬರದಲ್ಲಿ ಅವಳು ಊರು ಬಿಟ್ಟು ಹೋದವಳು. "ಗಂಜಿ ಕೇಂದ್ರದಾಗೆ ಕಾಳು ಕೊಟ್ರು ಕಣೋ. ಬೀಸೋಕೆ ಕಲ್ಲಿರಲಿಲ್ಲ. ಹಸೀದೇ ತಿಂದು ಹೊಟ್ಟೆ ಹಿಡ್ಕೊಂಡು ಹೊರಳಾಡಿದ್ವಿ. ನನ್ನ ಬೀಸೋಕಲ್ಲು ಇಲ್ದೆ ನಾನು ಎಲ್ಲಿಗೂ ಬರಲ್ಲ." ಹಾಗಾಗಿ ಬೀಸುವ ಕಲ್ಲಿನ ಎರಡೂ ಹೋಳು ಗಂಟಿಗೆ ಬಂದವು. ಕಲ್ಲು ಬಂದ ಮೇಲೆ ಗಂಟು ನೆಲ ಬಿಟ್ಟು ಏಳಲಿಲ್ಲ.

ಗಾದ್ರಪ್ಪ ಅದರ ಪರೀಕ್ಷೆಯನ್ನೂ ಮಾಡಿದ. ಒಂದು ಮಧ್ಯಾಹ್ನ ಎಲ್ಲರೂ ಉಣ್ಣುತ್ತಿದ್ದಾಗ ಇದ್ದಕ್ಕಿದ್ದಂತೆ "ಬಂತೂ!" ಎಂದು ಕೂಗಿದ. ನಿಂಗಕ್ಕ ಮುದ್ದೆ ಬಿಟ್ಟು ಎದ್ದಳು. ಗಂಡಹೆಂಡಿರಿಬ್ಬರೂ ಗಂಟಿನ ಎರಡು ಕಿವಿ ಹಿಡಿದು ಜಗ್ಗಿದರು. ಯರ್ರಮ್ಮ ಅದೇ ಗಂಟಿಗೆ ಒರಗಿಕೊಂಡು ಉಣ್ಣುತ್ತಿದ್ದಳು. ಗಂಟೂ ಏಳಲಿಲ್ಲ, ಅವಳೂ ಏಳಲಿಲ್ಲ. "ಇನ್ನೊಂದು ಚೂರು ಸಾರು ಬಿಡವ್ವ," ಎಂದಳು.

ಕೊನೆಗೆ ಊರವರನ್ನು ಕರೆಸಿ ಗಂಟನ್ನು ಎತ್ತಿಸಿ ಗಾಡಿಗೆ ಹಾಕಿದರು. ಇಳಿಸಿದರೆ ಮತ್ತೆ ಏರಿಸುವುದು ಯಾರು? ಅಂದಿನಿಂದ ಗಾಡಿಯೂ ಗಂಟಿನದಾಯಿತು. ಗಾದ್ರಪ್ಪ ಹೊಲಕ್ಕೆ ಗೊಬ್ಬರವನ್ನು ಮಂಕರಿಯಲ್ಲಿ ತಲೆ ಮೇಲೆ ಹೊತ್ತ. ಗಾಡಿಯ ನೆರಳಲ್ಲಿ ಎತ್ತುಗಳು ಮಲಗಿ ಮೆಲುಕು ಹಾಕುತ್ತ ಅವನನ್ನೇ ನೋಡುತ್ತಿದ್ದವು.

ಎಲ್ಲಿಗೆ ಹೋಗುವುದೆಂಬುದನ್ನೂ ಅವನು ಯೋಚಿಸಿಟ್ಟಿದ್ದ. ಕುದಾಪುರದ ಸುತ್ತ ಕಣ್ಣು ಹಾಯುವಷ್ಟು ದೂರವೂ ಬಯಲು, ಹುಲ್ಲು. ಚುಕ್ಕಿ ಬಾಲ ಬೀಸಿದರೆ ತಡೆಯಲು ಒಂದು ಗುಂಡುಕಲ್ಲೂ ಇಲ್ಲ. ಮೊಳಕಾಲ್ಮೂರಿನಲ್ಲಾದರೆ ಬೆಟ್ಟಗಳಿವೆ, ಬಂಡೆಗಳಿವೆ. ಅಲ್ಲಿ ರೇಷ್ಮೆ ಸೀರೆ ನೇಯುವ ವೆಂಕಟಪ್ಪ ಇದ್ದಾನೆ. ಅಪ್ಪಂದಿರ ಕಾಲದಿಂದ ಎರಡು ಮನೆಗೂ ಸ್ನೇಹ. ಆ ಕಡೆ ಕಂಬಳಿ ಮಾರಲು ಹೋದಾಗಲೆಲ್ಲ ಗಾದ್ರಪ್ಪ ಮಲಗುತ್ತಿದ್ದುದು ಅವನ ಜಗಲಿಯಲ್ಲೇ.

ಚುಕ್ಕಿಯ ಬಾಲ ಅರ್ಧ ಆಕಾಶಕ್ಕೆ ಚಾಚಿಕೊಂಡ ದಿನ ಗಾದ್ರಪ್ಪ ಗಾಡಿ ಕಟ್ಟಿದ. ದನ, ಕುರಿ ನೋಡಿಕೊಳ್ಳಲು ಜೋಗಮ್ಮ ಒಪ್ಪಿದಳು. "ನೀನೂ ಬಾರಕ್ಕ," ಎಂದು ನಿಂಗಕ್ಕ ಕರೆದರೆ, "ಪ್ರಳಯ ಆದ್ರೂ ದನಕ್ಕೆ ನೀರು ಕುಡಿಸೋರು ಬೇಕಲ್ಲ," ಎಂದಳು. ಗಂಟಿನ ಮೇಲೆ ಯರ್ರಮ್ಮ ಕೂತಳು. ಭಾರ ಕಡಿಮೆಯಾಗಲೆಂದು ಗಂಡಹೆಂಡಿರು ನಡೆದರು.

ಚಳ್ಳಕೆರೆ ದಾಟಿ, ತಳಕು ದಾಟಿ, ಮಾರನೆಯ ದಿನ ಹಿರೇಹಳ್ಳಿ ಹತ್ತಿರದ ಹುಣಸೆ ತೋಪಿನಲ್ಲಿ ಎತ್ತು ಬಿಚ್ಚಿದರು. ಅಷ್ಟರಲ್ಲಿ ಎದುರಿನಿಂದ ಇನ್ನೊಂದು ಗಾಡಿ ಬಂತು. ಅದರಲ್ಲಿ ಹೂವಿನಷ್ಟು ಹಗುರವಾಗಿ ಕಾಣುವ ಒಂದು ಬಿಳಿ ಗಂಟು, ಪಕ್ಕದಲ್ಲಿ ಚಿತ್ತಮ್ಮ, ಮುಂದೆ ಹಗ್ಗ ಹಿಡಿದು ಕೂತ ಅವಳ ಗಂಡ ವೆಂಕಟಪ್ಪ.

"ಏಮಿರಾ ಗಾದ್ರಪ್ಪ! ನಿಮ್ಮ ಮನೆಗೇ ಹೊರಟಿದ್ವಿ ಕಣೋ!"

"ನಾವು ನಿಮ್ಮ ಮನೆಗೆ!"

ವೆಂಕಟಪ್ಪ ಗಾಡಿಯಿಂದ ಇಳಿದ, ಇಬ್ಬರೂ ಅಪ್ಪಿಕೊಂಡರು. ಆಮೇಲೆ ಜಗಳ ಶುರುವಾಯಿತು.

"ನಿನಗೇನು ಬುದ್ಧಿ ಐತಾ?" ಎಂದ ವೆಂಕಟಪ್ಪ. "ಚುಕ್ಕಿ ಬಡಿದ್ರೆ ಮೊದಲು ಉರುಳೋದೇ ನಮ್ಮ ಬೆಟ್ಟ. ಒಂದೊಂದು ಬಂಡೆ ಒಂದೊಂದು ಮನೆಯಷ್ಟೈತೆ. ನಿಮ್ಮ ಕಾವಲಿನಾಗೆ ಬೀಳೋಕೆ ಏನೈತೆ? ಹುಲ್ಲು."

"ಹುಲ್ಲಿಗೆ ಬೆಂಕಿ ಹತ್ತಲ್ವೇನಲೇ? ಬಂಡೆಗೆ ಬೆಂಕಿ ಹತ್ತಿದ್ದು ಎಲ್ಲಾದ್ರೂ ಕಂಡಿದ್ದೀಯಾ?"

ಹೊತ್ತು ನೆತ್ತಿಗೆ ಬಂತು. ಇಬ್ಬರೂ ಒಂದೇ ಕಡೆ ಹೋಗೋಣವೆಂದರೆ ಯಾವ ಕಡೆ? ಇಬ್ಬರೂ ವಾಪಸು ಹೋಗೋಣವೆಂದರೆ ಸಾಯಲು ಹೋದಂತೆ. ಕೊನೆಗೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗುವುದೆಂದು ಒಪ್ಪಂದವಾಯಿತು. ಬೀಗದ ಕೈ ಬದಲಾಯಿಸಿಕೊಂಡರು. "ನಮ್ಮ ಬಾವಿ ನೀರು ಸ್ವಲ್ಪ ಸವಳು," ಎಂದು ವೆಂಕಟಪ್ಪ ಸಂಕೋಚದಿಂದ ಹೇಳಿದ. "ನಮ್ಮ ಕೆಂದ ಹಸು ಒದೀತೈತೆ," ಎಂದ ಗಾದ್ರಪ್ಪ.

ಆಗ ಚಿತ್ತಮ್ಮ ಒಂದು ಮಾತು ತೆಗೆದಳು. "ನಿಮ್ಮ ಮನೆಗೆ ಹೋಗಿ ನಾವು ಅಡಿಗೆ ಮಾಡ್ಬೇಕಂದ್ರೆ ಪಾತ್ರೆ ಐತಾ?"

"ಒಂದೂ ಇಲ್ಲ. ಎಲ್ಲ ಇದರಾಗೈತೆ," ಎಂದು ನಿಂಗಕ್ಕ ಗಂಟು ತೋರಿಸಿದಳು. ಸ್ವಲ್ಪ ಯೋಚಿಸಿ ಅವಳೇ ಹೇಳಿದಳು: "ನೀವು ನಮ್ಮ ಮನೆಗೆ ಹೋಗೋರು. ನಮ್ಮ ಸಾಮಾನು ಬೇಕಾಗೋದು ನಿಮಗೆ. ನಿಮ್ಮ ಸಾಮಾನು ನಮಗೆ. ಗಂಟು ಬದಲಾಯಿಸ್ಕೊಂಡ್ರೆ ಆಯ್ತಲ್ಲ."

ಎಲ್ಲರೂ ಒಪ್ಪಿದರು. ಆದರೆ ಬೀಸೋಕಲ್ಲಿನ ಗಂಟನ್ನು ಇಳಿಸುವುದು ನಾಲ್ಕು ಜನರ ಕೈಲಾಗುವ ಕೆಲಸವಲ್ಲ. ಹಾಗಾಗಿ ಗಾಡಿಗಳನ್ನೇ ಬದಲಾಯಿಸಿದರು. ಎತ್ತುಗಳಿಗೂ ತಂತಮ್ಮ ಊರಿನ ದಾರಿ ಗೊತ್ತು.

"ಅವ್ವಾ, ಇಳಿ. ನಾವು ಆ ಗಾಡಿ," ಎಂದ ಗಾದ್ರಪ್ಪ.

"ಕಲ್ಲು ಯಾವ ಕಡೆ ಹೋಗ್ತೈತೆ?"

"ಕುದಾಪುರಕ್ಕೆ."

"ನಾನೂ ಆ ಕಡೆಗೇ," ಎಂದಳು ಯರ್ರಮ್ಮ. ಎಷ್ಟು ಬೇಡಿಕೊಂಡರೂ ಇಳಿಯಲಿಲ್ಲ. ಪ್ರಳಯಕ್ಕೆಂದು ಕಟ್ಟಿದ ಪಾತ್ರೆ, ಉಪ್ಪು, ಕುಡುಗೋಲು, ಕಲ್ಲು, ಮುದುಕಿ ಎಲ್ಲವೂ ಸುರಕ್ಷಿತವಾಗಿ ಮನೆಗೆ ಹೊರಟವು. ಗಾದ್ರಪ್ಪ ಮಾತ್ರ ಇನ್ನೊಬ್ಬರ ಗಂಟಿನೊಂದಿಗೆ ಮೊಳಕಾಲ್ಮೂರಿನ ದಾರಿ ಹಿಡಿದ. ಈ ಸಲ ಹೆಂಡತಿಯೂ ಅವನೂ ಗಾಡಿಯಲ್ಲಿ ಕೂತೇ ಹೋದರು.

ವೆಂಕಟಪ್ಪನ ಮನೆ ಸೇರಿ ನಿಂಗಕ್ಕ ಬಿಳಿ ಗಂಟು ಬಿಚ್ಚಿದಳು. ರೇಷ್ಮೆ ಲಡಿಗಳು, ಅರಿಶಿನ, ಕುಂಕುಮ, ಗಿಳಿಹಸಿರು ಬಣ್ಣದವು. ಮಗ್ಗದ ಒಂದು ಲಾಳಿ. ಜರಿ. ಮಧ್ಯದಲ್ಲಿ ಬಟ್ಟೆ ಸುತ್ತಿದ ಒಂದು ಜಾಡಿ. ಇನ್ನೇನೂ ಇಲ್ಲ. ಹಿಟ್ಟಿಲ್ಲ, ಹಗ್ಗವಿಲ್ಲ, ಬೆಂಕಿ ಹಚ್ಚಲು ಕಲ್ಲಿಲ್ಲ.

"ಇದು ಗಂಟೇನೇ?" ಎಂದು ಗಾದ್ರಪ್ಪ ತಲೆ ಮೇಲೆ ಕೈ ಹೊತ್ತ. "ಇಷ್ಟು ತಗೊಂಡು ಪ್ರಳಯಕ್ಕೆ ಹೊರಟಿದ್ನಾ ಆ ಪುಣ್ಯಾತ್ಮ?"

ನಿಂಗಕ್ಕ ಸುತ್ತ ನೋಡಿದಳು. ಪಾತ್ರೆಗಳೆಲ್ಲ ಗೋಡೆಯ ಗೂಡಿನಲ್ಲಿ ಹಾಗೇ ಇದ್ದವು, ಮೂಲೆಯ ಗುಡಾಣದಲ್ಲಿ ಹಿಟ್ಟೂ ಇತ್ತು. ಪಕ್ಕದ ಮನೆಯಿಂದ ಕೆಂಡ ತಂದು ಒಲೆ ಹಚ್ಚಿ ಮುದ್ದೆ ಮಾಡಿದಳು. ಆಮೇಲೆ ಜಾಡಿಯ ಬಾಯಿ ಬಿಚ್ಚಿದಳು. ಮಾವಿನಕಾಯಿ ಉಪ್ಪಿನಕಾಯಿ. ಒಂದು ಹೋಳು ಅವನ ಎಲೆಗೆ, ಒಂದು ತನ್ನ ಎಲೆಗೆ.

ಗಾದ್ರಪ್ಪ ಮುದ್ದೆಯ ತುತ್ತನ್ನು ಅದಕ್ಕೆ ಅದ್ದಿ ಬಾಯಿಗಿಟ್ಟ. ಎಷ್ಟೋ ದಿನದ ಮೇಲೆ ನಾಲಿಗೆಗೆ ಉಪ್ಪು ತಾಕಿತ್ತು. ಅವನ ಕಣ್ಣು ತುಂಬಿ ಬಂತು.

"ಖಾರ ಐತಾ?" ಎಂದಳು ನಿಂಗಕ್ಕ.

"ಇಲ್ಲ ಕಣೆ," ಎಂದ. ಇನ್ನೊಂದು ಹೋಳು ಕೇಳಿದ. ಆಮೇಲೆ ಮತ್ತೊಂದು. ಉಂಡು, ನೀರು ಕುಡಿದು, ಬೆಟ್ಟದ ಕಡೆಯಿಂದ ಬೀಸುತ್ತಿದ್ದ ಗಾಳಿಗೆ ಇಬ್ಬರೂ ಜಗಲಿಯ ಮೇಲೆ ಒರಗಿದರು. ಚುಕ್ಕಿಯ ಬಾಲ ಭೂಮಿಯನ್ನು ಸವರುತ್ತದೆಂದು ಜನ ಹೇಳುತ್ತಿದ್ದ ಸಂಜೆ ಅದು. ಇಡೀ ಊರು ಬೀದಿಯಲ್ಲಿ ನಿಂತು ಮೇಲೆ ನೋಡುತ್ತಿತ್ತು. ಗಾದ್ರಪ್ಪ ಗೊರಕೆ ಹೊಡೆಯುತ್ತಿದ್ದ.

ಬೆಳಿಗ್ಗೆ ಅವನನ್ನು ಎಬ್ಬಿಸಿದ್ದು ಸೀರೆ ವ್ಯಾಪಾರಿ ಶಿವಮೂರ್ತಪ್ಪ.

"ವೆಂಕಟಪ್ಪ ಎಲ್ರಿ? ಮದುವೆ ಸೀರೆ ಮಗ್ಗದ ಮೇಲೆ ಅರ್ಧಕ್ಕೆ ನಿಂತೈತೆ."

"ಪ್ರಳಯ ಆಯ್ತೇನ್ರಿ?" ಎಂದ ಗಾದ್ರಪ್ಪ ಕಣ್ಣುಜ್ಜುತ್ತ.

"ಆಗಿದ್ರೆ ನಾನ್ಯಾಕೆ ಸೀರೆ ಕೇಳ್ತಿದ್ದೆ?"

ಗಾದ್ರಪ್ಪ ಬೀದಿಗಿಳಿದು ನೋಡಿದ. ಬಂಡೆಗಳು ಇದ್ದಲ್ಲೇ ಇದ್ದವು. ಒಂದರ ಮೇಲೆ ಮೇಕೆ ನಿಂತಿತ್ತು. ಅವನಿಗೆ ಸಂತೋಷದ ಜೊತೆಗೆ ಸಣ್ಣದೊಂದು ಅವಮಾನವೂ ಆಯಿತು. ಅಷ್ಟು ದೊಡ್ಡ ಗಂಟು ಕಟ್ಟಿದ್ದಕ್ಕೆ ಬೆಟ್ಟದಿಂದ ಒಂದು ಕಲ್ಲಾದರೂ ಉರುಳಬಹುದಿತ್ತು. ಆದರೂ ಅವನು ಕೂಡಲೇ ಹೊರಡಲಿಲ್ಲ. ಚುಕ್ಕಿ ಮೂಡಲು ಬಿಟ್ಟು ಪಡುವಲಿಗೆ ಹೋಗಿದೆ, ಹಿಂದಿನಿಂದ ಬಂದರೂ ಬಂದೀತು ಎಂದ. ನಿಂಗಕ್ಕನಿಗೂ ಅವಸರವಿರಲಿಲ್ಲ. ಪಕ್ಕದ ಮನೆಯವರಿಂದ ರೇಷ್ಮೆ ಸುತ್ತುವುದು ಕಲಿತಳು. ಉಪ್ಪಿನಕಾಯಿ ಜಾಡಿ ಬರಿದಾದ ದಿನ, ದೊಡ್ಡ ಮಳೆ ಬಿದ್ದು ನೆಲದ ವಾಸನೆ ಎದ್ದಿತು. ಬಿತ್ತನೆಯ ನೆನಪಾಗಿ ಗಾದ್ರಪ್ಪ ಗಾಡಿ ಕಟ್ಟಿದ.

ಕುದಾಪುರದಲ್ಲಿ ಅವನ ಹೊಲದ ಮುಕ್ಕಾಲು ಭಾಗವನ್ನು ಆಗಲೇ ಉಳಲಾಗಿತ್ತು, ಹಾವು ಹರಿದ ಹಾಗೆ ಸೊಟ್ಟಸೊಟ್ಟಗೆ. ಬದುವಿನ ಮೇಲೆ ಯರ್ರಮ್ಮ ಕೂತು, ನೆಟ್ಟಗೆ ಹಿಡಿಯೋ ಎಂದು ಕೂಗುತ್ತಿದ್ದಳು. ನೇಗಿಲ ಹಿಂದೆ ಪಂಚೆ ಎತ್ತಿ ಕಟ್ಟಿದ ವೆಂಕಟಪ್ಪ ಎಡವುತ್ತ ನಡೆಯುತ್ತಿದ್ದ. ಕೆಂದ ಹಸು ಒದ್ದು ಅವನ ಮೊಣಕಾಲು ಊದಿಕೊಂಡಿತ್ತು. ಗೆಳೆಯನನ್ನು ಕಂಡವನೇ ನೇಗಿಲು ಬಿಟ್ಟು, "ಅಮ್ಮಯ್ಯಾ, ಬದುಕಿದೆ!" ಎಂದು ಅಲ್ಲೇ ಕೂತ.

ಮನೆಯಲ್ಲಿ ಗಂಟು ಎಂಬುದೇ ಇರಲಿಲ್ಲ. ಬಂದ ದಿನವೇ ಯರ್ರಮ್ಮ ಅದನ್ನು ಬಿಚ್ಚಿಸಿ ಒಂದೊಂದನ್ನೂ ಅದರದರ ಜಾಗಕ್ಕೆ ಇಡಿಸಿದ್ದಳು. ಚಿತ್ತಮ್ಮ ಆ ಕಂಬಳಿಯನ್ನು ಆಗತಾನೆ ಈದ ಕುರಿಗೆ ಹೊದಿಸಿದ್ದಳು. ಗಾದ್ರಪ್ಪ ಬಾಗಿಲಲ್ಲಿ ನಿಂತು ಮನೆ ತುಂಬ ಕಣ್ಣಾಡಿಸಿದ. ಬೈಯಬೇಕೆಂದು ಬಾಯಿ ತೆರೆದವನು, ಕೊನೆಗೆ ಕುಡಿಯಲು ನೀರು ಕೇಳಿದ.

ಮಾರನೆಯ ದಿನ ವೆಂಕಟಪ್ಪ, ಚಿತ್ತಮ್ಮ ತಮ್ಮ ಗಾಡಿ ಏರಿದರು. ನೋಡಿದರೆ ಯರ್ರಮ್ಮನೂ ಸೆರಗು ಸರಿಮಾಡಿಕೊಂಡು ಅವರ ಹಿಂದೆಯೇ ಹತ್ತಿ ಕೂತಿದ್ದಾಳೆ.

"ನೀನೆಲ್ಲಿಗವ್ವ?"

"ಮೊಳಕಾಲ್ಮೂರಿಗೆ. ಬೆಟ್ಟ ಬೆಟ್ಟ ಅಂತ ಅಷ್ಟು ದಿನ ಬಡ್ಕೊಂಡ್ಯಲ್ಲ, ನಾನು ಒಂದು ಸಲಾನೂ ನೋಡಿಲ್ಲ. ಈ ಚಿತ್ತಮ್ಮ ಕೈ ಅಡಿಗೆ ಚೆನ್ನಾಗೈತೆ. ಸ್ವಲ್ಪ ದಿನ ಇದ್ದು ಬರ್ತೀನಿ."

"ಇರು, ಬಟ್ಟೆಯಾದ್ರೂ ಒಂದು ಗಂಟು ಕಟ್ಟಿ ಕೊಡ್ತೀನಿ."

"ಬ್ಯಾಡಪ್ಪ!" ಎಂದು ಯರ್ರಮ್ಮ ಗಾಬರಿಯಿಂದ ವೆಂಕಟಪ್ಪನ ಬೆನ್ನು ತಟ್ಟಿದಳು. "ಹೊಡಿಯೋ, ಬೇಗ ಹೊಡಿ. ಇವನು ಕಟ್ಟೋಕೆ ಕೂತ್ರೆ ದೀಪಾವಳಿ ಆಗ್ತೈತೆ."

ಗಾಡಿ ಕಾವಲಿನ ಹುಲ್ಲಿನ ನಡುವೆ ಹೊರಟಿತು. ಗಾದ್ರಪ್ಪ ಸ್ವಲ್ಪ ದೂರ ಹಿಂದೆಯೇ ಓಡಿದ. ಆಮೇಲೆ ನಿಂತು, ಹೊಲದ ಕಡೆ ತಿರುಗಿ, ವೆಂಕಟಪ್ಪ ಉತ್ತ ಸೊಟ್ಟ ಸಾಲುಗಳನ್ನು ನೋಡಿ ನಗತೊಡಗಿದ. ಆ ವರ್ಷ ಅವನ ರಾಗಿ ಅದೇ ಸೊಟ್ಟ ಸಾಲುಗಳಲ್ಲಿ ಬೆಳೆಯಿತು, ಬೆಳೆ ಚೆನ್ನಾಗಿಯೇ ಬಂತು. ಯರ್ರಮ್ಮ ಬಂದದ್ದು ಕೊಯ್ಲಿನ ಹೊತ್ತಿಗೆ.