ಅರ್ಧ ಸೆಂಟಿಮೀಟರ್

ಇಟ್ಟಿಗೆ ಭಟ್ಟಿಯಲ್ಲಿ ಅವಳನ್ನು ಎಲ್ಲರೂ ಗಿಡ್ಡಿ ಎಂದೇ ಕರೆಯುತ್ತಿದ್ದರು. ನೋಡಿದರೆ ಅವಳು ಅಂಥ ಗಿಡ್ಡಿಯೇನಲ್ಲ. ಹನ್ನೆರಡು ಇಟ್ಟಿಗೆ ತಲೆಯ ಮೇಲಿಟ್ಟುಕೊಂಡು, ಓರೆಯಾಗಿ ಒರಗಿಸಿದ ಹಲಗೆ ಹತ್ತಿ ಲಾರಿ ತುಂಬುವುದರಲ್ಲಿ ಅವಳಿಗೆ ಸರಿಸಾಟಿಯಾದವರು ಇರಲಿಲ್ಲ. ಆ ಹೆಸರು ಅಂಟಿಕೊಂಡದ್ದು ಹೋದ ವರ್ಷ, ಪೊಲೀಸ್ ಭರ್ತಿಗೆ ಹೋಗಿ ಬರಿಗೈಯಲ್ಲಿ ಬಂದ ಮೇಲೆ. ಬರೆಯುವ ಪರೀಕ್ಷೆ ಪಾಸಾಗಿತ್ತು. ಓಟವೂ ಪಾಸಾಗಿತ್ತು. ಎತ್ತರದ ಕಂಬಕ್ಕೆ ಬೆನ್ನು ಕೊಟ್ಟು ನಿಂತಾಗ ಮಾತ್ರ ನೂರೈವತ್ತೇಳು ಇರಬೇಕಾದಲ್ಲಿ ಅರ್ಧ ಸೆಂಟಿಮೀಟರ್ ಕಡಿಮೆ ಬಿತ್ತು. ಒಂದು ಅಕ್ಕಿಕಾಳಿನಷ್ಟು.

ಊರಿನವರೆಲ್ಲ ಅಯ್ಯೋ ಪಾಪ ಎಂದರು. ಆದರೆ ದಫೇದಾರಜ್ಜ ಬೇರೆಯದೇ ಮಾತು ಕೇಳಿದ.

"ಅಳೆದದ್ದು ಎಷ್ಟು ಗಂಟೆಗೆ?"

"ಮೂರು ಗಂಟೆ ಆಗಿತ್ತು ಅಜ್ಜ. ಬೆಳಿಗ್ಗೆಯಿಂದ ನಿಂತೇ ಇದ್ವಿ."

"ಅದಕ್ಕೇ ಮತ್ತೆ! ಮನುಷ್ಯ ಬೆಳಿಗ್ಗೆ ಉದ್ದ ಇರ್ತಾನೆ, ಸಂಜೆ ಹೊತ್ತಿಗೆ ಕುಗ್ತಾನೆ. ನೀನು ಹಿಂದಿನ ದಿನ ಏನ್ ಮಾಡ್ತಿದ್ದೆ?"

"ಇಟ್ಟಿಗೆ ಹೊರ್ತಿದ್ದೆ."

ಅಜ್ಜ ಹಣೆ ಚಚ್ಚಿಕೊಂಡ. "ಇನ್ನೊಂದು ಸಲ ಅಳೀರಿ ಅಂತ ಕೇಳಿದ್ಯಾ?"

"ಕೇಳಬಹುದಾ?"

ಅಜ್ಜ ಮೂವತ್ತನಾಲ್ಕು ವರ್ಷ ಪೊಲೀಸ್ ಕೆಲಸ ಮಾಡಿ, ಪೇದೆಯಾಗಿ ಸೇರಿದವನು ಪೇದೆಯಾಗಿಯೇ ನಿವೃತ್ತನಾಗಿದ್ದ. ಬಡ್ತಿ ಪರೀಕ್ಷೆ ಬಂದಾಗಲೆಲ್ಲ ಅವನನ್ನು ಯಾವುದೋ ಬಂದೋಬಸ್ತಿಗೆ ಕಳಿಸುತ್ತಿದ್ದರು. ನನ್ನನ್ನು ಬಿಡಿ, ಪರೀಕ್ಷೆಯಿದೆ ಎಂದು ಅವನು ಒಮ್ಮೆಯೂ ಕೇಳಲಿಲ್ಲ. ಅವನ ಜೊತೆಗೆ ಸೇರಿದವರು ತೋಳಿಗೆ ಮೂರು ಪಟ್ಟಿ ಹಾಕಿಕೊಂಡು ದಫೇದಾರರಾದರು, ಕೆಲವರ ಹೆಗಲಿಗೆ ನಕ್ಷತ್ರವೂ ಬಂತು. ಇವನ ತೋಳು ಹುಟ್ಟಿದಾಗ ಇದ್ದ ಹಾಗೇ ಉಳಿಯಿತು. ಇಲಾಖೆ ಕೊಡದ ಬಡ್ತಿಯನ್ನು ಊರೇ ಪುಕ್ಕಟೆಯಾಗಿ ಕೊಟ್ಟು ದಫೇದಾರ ಎಂದು ಕರೆಯಿತು.

"ಕೇಳದೆ ಇದ್ದವನಿಗೆ ಏನ್ ಸಿಗುತ್ತೆ ಅನ್ನೋದಕ್ಕೆ ನಾನೇ ಸಾಕ್ಷಿ," ಎಂದ ಅಜ್ಜ. "ಮೊದಲನೇ ಅಳತೆಗೆ ತಲೆ ಆಡಿಸಿ ಬಂದುಬಿಡಬೇಡ. ಅದರ ಮೇಲೆ ಇನ್ನೊಂದು ಅಳತೆ ಇದೆ, ಅಧಿಕಾರಿ ಎದುರಿಗೆ. ಕೇಳಿದವರಿಗೆ ಮಾತ್ರ."

ಈ ವರ್ಷದ ಭರ್ತಿ ಮುಗಿದ ಮರುತಿಂಗಳೇ ಅವಳ ವಯಸ್ಸು ಮಿತಿ ದಾಟುತ್ತಿತ್ತು. ಹೀಗಾಗಿ ಈ ವರ್ಷ ಬಿಟ್ಟರೆ ಇಲ್ಲ. ಬರೆಯುವ ಪರೀಕ್ಷೆ ಮತ್ತೆ ಪಾಸಾಯಿತು. ಮೈದಾನಕ್ಕೆ ಕರೆ ಬಂದ ದಿನದಿಂದ ಅವಳ ಅಮ್ಮ ಮಗಳ ಹೊರೆಯನ್ನೂ ತಾನೇ ಹೊತ್ತಳು. "ಅಳತೆ ಆಗೋ ತನಕ ಒಂದು ಹುಲ್ಲುಕಡ್ಡಿ ಎತ್ತಿದ್ರೂ ಕೈ ಮುರೀತೀನಿ," ಎಂದು ಗದರಿ, ಹತ್ತು ದಿನ ಇಬ್ಬರ ಪಾಲಿನ ಇಟ್ಟಿಗೆ ಲಾರಿಗೆ ತುಂಬಿದಳು. ಸಂಜೆ ಕತ್ತು ಹೊರಳಿಸಲಾಗದೆ, ಯಾರಾದರೂ ಕರೆದರೆ ಮೈಯನ್ನೇ ತಿರುಗಿಸಿ ನೋಡುತ್ತಿದ್ದಳು.

ಆ ದಿನ ಬೆಳಗಾಗುವ ಮುಂಚೆಯೇ ಸೋದರಮಾವ ಇಟ್ಟಿಗೆ ಲಾರಿ ತಂದ. ಹಿಂದೆ ಹಾಸಿಗೆ ಹಾಸಿ ಅವಳನ್ನು ಅಂಗಾತ ಮಲಗಿಸಿದರು.

"ಇಷ್ಟು ಜೋಪಾನವಾಗಿ ಇಟ್ಟಿಗೆ ಸಾಗಿಸಿದ್ರೆ ನನಗೆ ದಿನಾ ಬೈಗುಳ ತಪ್ತಿತ್ತು," ಎಂದ ಮಾವ.

"ಮಾತು ಸಾಕು, ಗುಂಡಿ ನೋಡಿ ಓಡ್ಸು," ಎಂದಳು ಅಮ್ಮ.

ಮೈದಾನದ ಗೇಟಿನ ಒಳಗೆ ಅಭ್ಯರ್ಥಿಗಳಿಗೆ ಮಾತ್ರ ಪ್ರವೇಶ. ಅಜ್ಜ, ಅಮ್ಮ, ಮಾವ ಹೊರಗೇ ನಿಂತರು. ಮೊದಲು ಎತ್ತರ, ಆಮೇಲೆ ಓಟ ಎಂದು ಕರೆಪತ್ರದಲ್ಲಿತ್ತು. ಒಳಗೆ ನೋಡಿದರೆ ಎತ್ತರದ ಕಂಬ ಒಂದೇ ಬಂದಿದೆ, ಹುಡುಗಿಯರು ಮುನ್ನೂರು. "ಮೊದಲು ಓಟ, ಆಮೇಲೆ ಎತ್ತರ," ಎಂದು ಹೆಗಲ ಮೇಲೆ ಎರಡು ನಕ್ಷತ್ರವಿದ್ದ ಸಬ್ ಇನ್ಸ್‌ಪೆಕ್ಟರ್ ಮೇಡಂ ಮೈಕಿನಲ್ಲಿ ಕೂಗಿದರು. ಲಾರಿ, ಹಾಸಿಗೆ, ಅಮ್ಮನ ಕತ್ತು ಎಲ್ಲ ನೀರಿನಲ್ಲಿ ಹೋಮವಾದಂತಾಯಿತು.

ಅವಳು ಓಡಿದಳು, ಪಾಸಾದಳು. ಎತ್ತರದ ಸಾಲಿಗೆ ಬಂದಾಗ ಬಿಸಿಲು ನೆತ್ತಿಗೆ ಏರುತ್ತಿತ್ತು, ಮುಂದೆ ನೂರೆಂಬತ್ತು ಜನ. ಹೋದ ವರ್ಷದ ಮೂರು ಗಂಟೆ ನೆನಪಾಯಿತು. ಸುತ್ತ ಒಮ್ಮೆ ನೋಡಿದಳು. ಆಮೇಲೆ ಸಾಲಿನಲ್ಲೇ, ಮಣ್ಣಿನ ಮೇಲೆ, ಕೈಕಾಲು ಚಾಚಿ ಮಲಗಿಬಿಟ್ಟಳು.

ಹುಡುಗಿಯರು ಕಿಸಕ್ಕನೆ ನಕ್ಕರು. "ಅಕ್ಕನಿಗೆ ದಿಂಬು ತಂದುಕೊಡ್ರೇ!" ಎಂದು ಒಬ್ಬಳು ಕೂಗಿದಳು. ಮೇಡಂ ಲಾಠಿ ಬೀಸುತ್ತ ಬಂದರು.

"ಏನಮ್ಮ, ತಲೆ ಸುತ್ತು ಬಂತಾ?"

"ಇಲ್ಲ ಮೇಡಂ. ಬೆಳೀತಿದೀನಿ."

ಮೇಡಂಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅವರೂ ಹೆಚ್ಚು ಎತ್ತರದವರಲ್ಲ. "ಮಲಗಬಾರದು ಅಂತ ಯಾವ ನಿಯಮದಲ್ಲೂ ಇಲ್ಲ," ಎಂದರು ಕೊನೆಗೆ. "ಆದ್ರೆ ಸಾಲು ತಪ್ಪಿದ್ರೆ ಹಿಂದಕ್ಕೆ ಕಳಿಸ್ತೀನಿ."

ಅವಳು ಸಾಲು ತಪ್ಪಿಸಲಿಲ್ಲ. ಮುಂದಿನವರು ಒಂದು ಹೆಜ್ಜೆ ಇಟ್ಟರೆ ಅವಳು ಮಲಗಿದಲ್ಲೇ ಹಿಮ್ಮಡಿ ಊರಿ ಒಂದು ಗೇಣು ಜರುಗುತ್ತಿದ್ದಳು. ಬೆನ್ನ ಚರ್ಮ ಉರಿಯಿತು, ಕೂದಲಲ್ಲಿ ಮಣ್ಣು ತುಂಬಿತು. ಅರ್ಧ ಗಂಟೆಯಾದ ಮೇಲೆ ಹಿಂದೆ ದೊಪ್ಪೆಂದು ಸದ್ದಾಯಿತು. ದಿಂಬು ತರಹೇಳಿದವಳೇ ಮಲಗಿದ್ದಳು. "ನಂದೂ ಸ್ವಲ್ಪ ಡೌಟಿದೆ ಅಕ್ಕ," ಎಂದಳು, ಆಕಾಶ ನೋಡುತ್ತ.

ಕಂಬದ ಹತ್ತಿರ ಒಬ್ಬ ದಫೇದಾರರು ಇದ್ದರು. ತೋಳಿನ ಮೇಲೆ ಮೂರು ಪಟ್ಟಿ, ಮುಖದ ಮೇಲೆ ಮುನ್ನೂರು ಜನರ ಬೇಸರ. ಅವಳು ಎದ್ದು, ಹಿಮ್ಮಡಿ ಕೂಡಿಸಿ ನಿಂತಳು. ಕಂಬದ ಅಳತೆ ಹಲಗೆ ಮೇಲಿಂದ ಜಾರಿ ಬಂದು ನೆತ್ತಿಗೆ ತಾಗಿತು.

"ನೂರೈವತ್ತಾರು ಪಾಯಿಂಟ್ ಎಂಟು. ಫೇಲ್. ಮುಂದಿನವರು."

ಎರಡು ಗಂಟೆ ಮಣ್ಣಿನಲ್ಲಿ ಬಿದ್ದದ್ದಕ್ಕೆ ಅರ್ಧ ಅಕ್ಕಿಕಾಳಿನಷ್ಟು ಬಂದಿತ್ತು. ಕಾಲು ತಾನಾಗಿ ಪಕ್ಕಕ್ಕೆ ಸರಿಯಿತು. ಸರಿದ ಕಾಲನ್ನು ಅವಳು ಮತ್ತೆ ಅಲ್ಲೇ ತಂದಿಟ್ಟಳು.

"ಸರ್, ಇನ್ನೊಂದು ಸಲ ಅಳೀಬೇಕು. ಮೇಡಂ ಎದುರಿಗೆ."

"ಯಾರು ಹೇಳಿಕೊಟ್ಟಿದ್ದು ನಿಂಗೆ?"

"ನಮ್ಮೂರಿನ ದಫೇದಾರರು."

ಮೇಡಂ ಬಂದರು. ಅವರು ಬರುವಷ್ಟರಲ್ಲಿ ಅವಳು ಹಲಗೆ ತಾಗಿದ ಆ ಗಳಿಗೆಯನ್ನು ಮನಸ್ಸಿನಲ್ಲಿ ಮತ್ತೆ ನಡೆಸಿ ನೋಡಿದಳು. ತಾಗಿದ ಕೂಡಲೇ ಕತ್ತು ಒಳಕ್ಕೆ ಇಳಿದಿತ್ತು, ಮೊಣಕಾಲು ಸಡಿಲಾಗಿತ್ತು. ಹೊರೆ ಬಂತೆಂದು ಮೈ ಸಜ್ಜಾಗಿತ್ತು! ಹತ್ತು ವರ್ಷದಿಂದ ನೆತ್ತಿಗೆ ಏನು ತಾಗಿದರೂ ಅದು ಇಟ್ಟಿಗೆಯೇ. ಹೋದ ವರ್ಷವೂ ಹೀಗೇ ಆಗಿರಬೇಕು. ಅಳೆದದ್ದು ಅವಳನ್ನಲ್ಲ, ಇಲ್ಲದ ಹೊರೆ ಹೊತ್ತವಳನ್ನು.

ಮತ್ತೆ ನಿಂತಳು. ಹಲಗೆ ಇಳಿಯಿತು. ಈ ಸಲ ಅವಳು ದಿನದ ಕೊನೆಯ ಹೊರೆಯನ್ನು ನೆನೆದಳು. ಲಾರಿಯವರು ತಲೆಯಿಂದ ಕಟ್ಟಕಡೆಯ ಇಟ್ಟಿಗೆ ಎತ್ತಿಕೊಂಡಾಗ ಕತ್ತು ತಾನಾಗಿ ಮೇಲಕ್ಕೇಳುತ್ತದಲ್ಲ, ಹಾಗೆ ಏಳಲು ಬಿಟ್ಟಳು. ಹಿಮ್ಮಡಿ ನೆಲ ಬಿಡಲಿಲ್ಲ. ಮೇಡಂ ಬಗ್ಗಿ ಹಿಮ್ಮಡಿ ನೋಡಿದರು, ಆಮೇಲೆ ಗೆರೆ ನೋಡಿದರು.

"ನೂರೈವತ್ತೇಳು ಪಾಯಿಂಟ್ ಒಂದು," ಎಂದರು. "ಬರ್ಕೊಳ್ಳಿ."

ದಫೇದಾರರು ಬರೆದುಕೊಂಡರು.

ಗೇಟಿನ ಹೊರಗೆ, ಎತ್ತರ ಬರೆದುಕೊಟ್ಟ ಚೀಟಿಯನ್ನು ಅಜ್ಜ ಎರಡೆರಡು ಸಲ ಓದಿದ. "ಕೇಳಿದ್ಯಾ?" ಎಂದ.

"ಕೇಳ್ದೆ ಅಜ್ಜ."

"ಹಾಗಾದ್ರೆ ನೀನು ಪೇದೆಯಾಗಿ ನಿವೃತ್ತಿ ಆಗಲ್ಲ ಬಿಡು."

ಬೇರೆ ಗಾಡಿಗಳಿಗೆ ಜಾಗ ಬಿಡಬೇಕೆಂದು ಲಾರಿಯನ್ನು ದೂರ ನಿಲ್ಲಿಸಿದ್ದರು. ನೆರಳಿಗೆ ಇಳಿಸಿ ಹಾಸಿಕೊಂಡಿದ್ದ ಹಾಸಿಗೆಯನ್ನು ಸುತ್ತಿ ಎತ್ತಲು ಅಮ್ಮ ಬಗ್ಗಿದಳು. ಅಷ್ಟರಲ್ಲಿ ಮಗಳು ಅದನ್ನು ಕಸಿದು ತನ್ನ ತಲೆಯ ಮೇಲಿಟ್ಟುಕೊಂಡಳು.

"ಏ, ಇಳಿಸೇ! ಕುಗ್ಗಿ ಹೋಗ್ತೀಯ!" ಎಂದು ಅಮ್ಮ ಗಾಬರಿಯಿಂದ ಕೂಗಿದಳು, ಕತ್ತು ತಿರುಗದೆ ಇಡೀ ಮೈ ತಿರುಗಿಸಿ.

"ಕುಗ್ಗಿದ್ರೆ ಕುಗ್ಗಲಿ ಕಣಮ್ಮ. ಬರ್ಕೊಂಡಾಯ್ತು. ನೀನು ಕೈ ಬೀಸ್ಕೊಂಡು ನಡಿ."