ಆಶ್ರಿತಾಗೆ ಅರವತ್ತು

ಬಿಳಿ ಬೋರ್ಡಿನ ಮೇಲೆ ಮಾರ್ಕರ್ ಕಿರ್ ಅಂತಿದೆ, ಹಲ್ಲು ಜುಮ್ಮೆನ್ನಿಸುವ ಸದ್ದು, ಇಷ್ಟು ಜನರಲ್ಲಿ ಇನ್ಯಾರಿಗೂ ಕೇಳಿಸ್ತಿಲ್ಲವೇ ಎಂದು ಸುಬ್ಬಲಕ್ಷ್ಮಿ ಸೆರಗನ್ನು ಕಿವಿಯ ತನಕ ಎಳೆದುಕೊಂಡಳು — ಇಂದಿರಾನಗರದ ಈ ಸಭಾಂಗಣದಲ್ಲಿ ಫ್ಯಾನು ಬೇರೆ ಜೋರು, ಹೊರಗೆ ಭಾನುವಾರದ ಬಿಸಿಲು, ಒಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಹೂಡಿಕೆ ಅಂದರೇನು ಎಂದು ಕಲಿಯಲು ಬಂದವರು, ಅವರ ನಡುವೆ ಅವಳೂ, ಐವತ್ತು ದಾಟಿದ ಮೇಲೆ ಹೊಸದಾಗಿ ಸ್ಲೇಟು ಹಿಡಿದವಳ ಹಾಗೆ, ಮತ್ತು ಪಾಠ ಹೇಳುವ ಹುಡುಗ ಭಾರ್ಗವ್, ಮೀಸೆ ಕೂಡ ಸರಿಯಾಗಿ ಬಲಿತಿಲ್ಲ, ಹೇಳ್ತಿದಾನೆ, ದುಡ್ಡನ್ನ ಸುಮ್ನೆ ಇಟ್ರೆ ಕರಗತ್ತೆ, ಅಕ್ಕಿ ಬೇಳೆ ಬೆಲೆ ಏರ್ತಾನೇ ಇರತ್ತೆ, ನಿಮ್ಮ ದುಡ್ಡು ಅಲ್ಲೇ ನಿಂತಿರತ್ತೆ, ಅದಕ್ಕೇ ಸೇವಿಂಗ್ಸ್ ಖಾತೆಲಿ ಮಲಗಿಸ್ಬೇಡಿ — ಮಲಗಿಸ್ಬೇಡಿ, ಅವಳ ದುಡ್ಡು ಚೆಕ್ಕು ಬಂದ ದಿನದಿಂದ ಮಲಗೇ ಇದೆ, ಅವಳ ದುಡ್ಡಲ್ಲ, ಆಶ್ರಿತಾಳ ದುಡ್ಡು, ಮಗಳು ಹೋಗಿದ್ದಕ್ಕೆ ಬಂದ ದುಡ್ಡು, ಅದನ್ನು ಎಬ್ಬಿಸಲು ಮನೆಯಲ್ಲಿ ಯಾರಿಗೂ ಕೈ ಬರುತ್ತಿಲ್ಲ.

ಮೂರು ವರ್ಷದ ಹಿಂದೆ, ಕ್ಲಿನಿಕ್ಕಿನಲ್ಲಿ ರಕ್ತಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದ ಹೊಸತು, ಕೆ.ಆರ್. ಪುರದ ಮನೆಯಿಂದ ಹೊರಟ ಹುಡುಗಿ, ಬಸ್ಸು ಹಿಡಿಯಲು ರಸ್ತೆ ದಾಟುವಾಗ ನೀರಿನ ಟ್ಯಾಂಕರ್ — ಬೇಡ, ಅದು ಬೇಡ, ಆಮೇಲಿನದು ಬೇಕಾದರೆ ನೆನೆಯಬಹುದು, ಕೋರ್ಟಿನ ಮೆಟ್ಟಿಲು, ವಕೀಲ ಮುನಿರಾಜಪ್ಪ ಕ್ಯಾಲ್ಕುಲೇಟರ್ ಒತ್ತುತ್ತಾ, ಲೆಕ್ಕ ಸಿಂಪಲ್ ಅಮ್ಮ, ಸಂಬಳದಲ್ಲಿ ಅರ್ಧ ಕಳೀತಾರೆ, ಮದುವೆ ಆಗದ ಹುಡುಗಿ ಅರ್ಧ ತನ್ನ ಖರ್ಚಿಗೇ ಇಟ್ಕೋತಾಳೆ ಅಂತ, ಉಳಿದಿದ್ದನ್ನ ತಾಯಿ ವಯಸ್ಸು ನೋಡಿ ಗುಣಿಸ್ತಾರೆ, ನೀವು ಇನ್ನೂ ಚಿಕ್ಕವರಾಗಿದ್ರೆ ಜಾಸ್ತಿ ಬರ್ತಿತ್ತು, ಅಂದಾಗ ಅವಳಿಗೆ ತಾನೇ ಏನೋ ತಪ್ಪು ಮಾಡಿದ ಹಾಗೆ ನಾಚಿಕೆಯಾಗಿತ್ತು, ವಯಸ್ಸಾಗಿಬಿಟ್ಟಿದ್ದಕ್ಕೆ — ಅರ್ಧ ಎಲ್ಲಿ ಇಟ್ಕೊಂಡಳು ಸ್ವಾಮಿ, ಸಂಬಳದ ಕವರನ್ನು ಒಡೆಯದೆ ತಂದು ದೇವರ ಮುಂದಿಟ್ಟು, ಮಾರನೆಯ ಬೆಳಿಗ್ಗೆ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, ಅಮ್ಮಾ ಬಸ್ಸಿಗೆ ಚಿಲ್ಲರೆ ಕೊಡೇ ಅಂತ ಕೈ ಚಾಚುತ್ತಿದ್ದಳು, ಅದನ್ನು ಯಾವ ಕೋರ್ಟಿಗೆ ಹೇಳುವುದು. ಮತ್ತೆ ಇವರು, ಶ್ರೀನಿವಾಸಮೂರ್ತಿ, ಇಡೀ ಸರ್ವೀಸು ವಿಮಾ ಕಚೇರಿಯಲ್ಲಿ ಸತ್ತವರ ಕ್ಲೇಮು ಪಾಸು ಮಾಡಿದ ಮನುಷ್ಯ, ಆ ಚೆಕ್ಕನ್ನು ಮೇಜಿನ ಮೇಲಿಟ್ಟು ಹಿತ್ತಲಿಗೆ ಹೋಗಿ ನಿಂತರು, ಏನ್ರೀ ಮಾಡೋದು ಇದನ್ನ ಅಂದರೆ, ಗೊತ್ತಿಲ್ಲ ಕಣೆ, ನಂಗೆ ಕೊಟ್ಟು ಅಭ್ಯಾಸ, ತಗೊಂಡು ಅಭ್ಯಾಸ ಇಲ್ಲ, ಮಗ ವಿಶ್ರುತ್ ತಟ್ಟೆಯಿಂದ ತಲೆ ಎತ್ತದೆ, ನನ್ನ ಫೀಸಿಗೆ ಅದನ್ನ ಮುಟ್ಟಬೇಡಮ್ಮ, ಅಕ್ಕನ ದುಡ್ಡಲ್ಲಿ ನಾನು ಓದಲ್ಲ — ಹಾಗಾದರೆ ಯಾರಿಗದು, ಯಾರಾದರೂ ಒಬ್ಬರು ಅದನ್ನು ನೋಡಿಕೊಳ್ಳಬೇಕಲ್ಲ, ಹೆತ್ತವಳಲ್ಲದೆ ಇನ್ಯಾರು, ಅಂತ ಒಬ್ಬಳೇ ಬಸ್ಸು ಹತ್ತಿ ಬಂದವಳು.

ಈಗ ಭಾರ್ಗವ್ ಒಬ್ಬೊಬ್ಬರನ್ನೇ ಕೇಳ್ತಾ ಬರ್ತಿದಾನೆ, ನಿಮ್ಮ ಗುರಿ ಏನು, ಎಷ್ಟು ವರ್ಷಕ್ಕೆ, ಮುಂದಿನ ಸಾಲಿನ ಅಕ್ತರ್, ಶಿವಾಜಿನಗರದಲ್ಲಿ ಸೀಟ್ ಕವರ್ ಅಂಗಡಿಯಂತೆ, ಮಗಳ ಶಾದಿ ಸಾರ್, ಐದು ವರ್ಷ, ಹಾಗಾದ್ರೆ ಪೂರ್ತಿ ಶೇರಿಗೆ ಹಾಕ್ಬೇಡಿ, ರಿಸ್ಕು, ಬೀಳೋದೂ ಇರತ್ತೆ, ಎದ್ದೇಳೋಕೆ ಟೈಮ್ ಬೇಕು — ಬಿದ್ದದ್ದು ಎದ್ದೇಳಲು ಟೈಮ್ ಸಾಕೇ, ಅಂತ ಅವಳು ಅಂದುಕೊಳ್ಳುವಷ್ಟರಲ್ಲಿ, ಆಂಟಿ ನಿಮ್ದು, ಎಂದಾಗ, ಮಗಳ ದುಡ್ಡಪ್ಪ, ಅಂದುಬಿಟ್ಟಳು. ಸೂಪರ್ ಆಂಟಿ, ಮಗಳ ವಯಸ್ಸೆಷ್ಟು, ಇಪ್ಪತ್ತೆರಡು, ಹೆಸರು, ಆಶ್ರಿತಾ, ನೋಡಿ ಎಲ್ರೂ, ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲ್ಲ, ಆಶ್ರಿತಾ ಹತ್ರ ಎಲ್ಲಕ್ಕಿಂತ ದೊಡ್ಡ ಆಸ್ತಿ ಇದೆ, ಟೈಮು — ಅವನು ಬೋರ್ಡಿನ ತುದಿಯಲ್ಲಿ ಅವಳ ಹೆಸರು ಬರೆದ, ದುಂಡಗೆ, ಕೆಳಗೆ ಇಪ್ಪತ್ತೆರಡು, ಪಕ್ಕಕ್ಕೆ ಮೂವತ್ತು, ನಲವತ್ತು, ಬಡ್ಡಿ ಅಸಲಿಗೆ ಸೇರತ್ತೆ, ಆ ಬಡ್ಡಿಗೂ ಬಡ್ಡಿ ಹುಟ್ಟತ್ತೆ, ತಡೆಯಬೇಕು, ಈಗ ಹೇಳಬೇಕು, ಆದರೆ ಗೆರೆ ಮೇಲಕ್ಕೆ ಏರುತ್ತಿದೆ ಮತ್ತು ಮೂವತ್ತರ ಹತ್ತಿರ ಆಶ್ರಿತಾ ಬಾಣಂತಿ, ತಲೆಗೆ ಬಟ್ಟೆ ಸುತ್ತಿಕೊಂಡು ಮುಖ ಊದಿಸಿದಾಳೆ, ಈ ಸಬ್ಬಸಿಗೆ ಸೊಪ್ಪು ಸಾಕಮ್ಮ ಅಂತಾಳೆ, ನಲವತ್ತಕ್ಕೆ ಅವಳಪ್ಪನ ಹಾಗೇ ಸೋಡಾಬುಡ್ಡಿ ಕನ್ನಡಕ, ಐವತ್ತಕ್ಕೆ ಬೈತಲೆ ಅಗಲ ಆಗಿ, ಈಗ ನನ್ನಷ್ಟೇ ವಯಸ್ಸು ಕಣೆ ನಿಂಗೆ, ಒಂದು ಸಾರಿ ನನ್ನನ್ನೂ ದಾಟಿ ಮುಂದೆ ಹೋಗು, ಗೆರೆ ಹೋಯಿತು, ಸರ್ರನೆ ಕಡಿದಾಗಿ ಎದ್ದು ಬೋರ್ಡಿನ ಮೂಲೆ ಮುಟ್ಟಿತು, ಅರವತ್ತು, ಅಲ್ಲೊಂದು ದೊಡ್ಡ ಸಂಖ್ಯೆ, ಯಾರೋ ಹಿಂದೆ ಅಬ್ಬಾ ಅಂದರು.

ಇಷ್ಟು ದುಡ್ಡಲ್ಲಿ ಮಗಳು ಏನ್ಮಾಡ್ತಾಳೆ ಆಂಟಿ, ನಗುತ್ತಾ ಕೇಳಿದ, ಕೆಟ್ಟ ಹುಡುಗನೇನಲ್ಲ, ಅವಳ ಬಾಯಿ ತಾನಾಗಿ ತೆರೆಯಿತು, ಅವಳಿಲ್ಲಪ್ಪ, ಮೂರು ವರ್ಷ ಆಯ್ತು, ಇದು ಆಕ್ಸಿಡೆಂಟಿಗೆ ಕೊಟ್ಟ ಪರಿಹಾರ. ಅಕ್ತರ್ ಹಿಂದಕ್ಕೆ ತಿರುಗಿ ನೋಡಿ ಬಲಗೈಯನ್ನು ಎದೆಯ ಮೇಲಿಟ್ಟುಕೊಂಡ. ಸಾರಿ ಆಂಟಿ, ನಂಗೆ ಗೊತ್ತಾಗ್ಲಿಲ್ಲ, ಎನ್ನುತ್ತಾ ಭಾರ್ಗವ್ ಡಸ್ಟರಿಗೆ ಕೈ ಹಾಕಿದ, ಅಳಿಸ್ಬೇಡಪ್ಪ, ಸ್ವಲ್ಪ ಹೊತ್ತು ಇರ್ಲಿ ಅದು — ಇರಲಿ, ಆ ಅರವತ್ತರ ಹೆಂಗಸನ್ನು ಒಮ್ಮೆ ನೋಡಿಬಿಡುತ್ತೇನೆ, ನೆರೆತ ಕೂದಲು, ಮಂಡಿನೋವು, ಎಂದು ಕಣ್ಣು ಮುಚ್ಚಿದರೆ ಬರುವುದು ಅದಲ್ಲ, ಯಾವಾಗಲೂ ಬರುವುದೇ, ಅಡುಗೆ ಮಾಡುವಾಗ ಬರುವುದೇ, ನಿದ್ದೆ ಹತ್ತುವಾಗ ಬರುವುದೇ, ಏಪ್ರಿಲ್ಲಿನ ಕಾದ ಟಾರು, ಡ್ರೈವರು ಓಡಿಹೋದ ಟ್ಯಾಂಕರಿನ ಹಿಂದಿನ ಪೈಪು ಕಿತ್ತು ನೀರು ಸುರಿಯುತ್ತಿದೆ, ಯಾರದೋ ಪಂಚೆ ಹೊದಿಸಿದ ಮಗಳು, ಅವಳ ತನಕವೂ ಹರಿದು ಬಂದ ನೀರು, ಮತ್ತು ನೈಟಿಯ ಮೇಲೆ ಟವಲು ಹೊದ್ದ ಒಬ್ಬ ಹೆಂಗಸು, ಆ ಬೀದಿಗೆ ವಾರದಿಂದ ನೀರು ಬಂದಿರಲಿಲ್ಲವೇನೋ, ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಬಿಂದಿಗೆ ತಂದು ಆ ಪೈಪಿನ ಕೆಳಗಿಟ್ಟು, ತಲೆ ಎತ್ತಿದರೆ ಎದುರಿಗೆ ಸುದ್ದಿ ಕೇಳಿ ಓಡಿಬಂದ ಸುಬ್ಬಲಕ್ಷ್ಮಿ, ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ನಿಂತರು, ಬಿಂದಿಗೆ ತುಂಬಿತು, ಕಂಠದ ಮೇಲೆ ಉಕ್ಕಿ ಚೆಲ್ಲಿತು, ಆ ಹೆಂಗಸು ಎತ್ತಿಕೊಳ್ಳಲೂ ಇಲ್ಲ, ಬಿಟ್ಟು ಹೋಗಲೂ ಇಲ್ಲ, ಬಿಂದಿಗೆ ತುಂಬಿ ಚೆಲ್ಲುತ್ತಿದೆ, ಕಿತ್ತಳೆ ಬಿಂದಿಗೆ, ತುಂಬಿ, ಚೆಲ್ಲುತ್ತಾ